ಮನೆಯ ಬಿಸಿನೀರಿನ ಕೊಳವೆಗಳಿಗೆ ಉಷ್ಣ ನಿರೋಧಕ ಹೊದಿಕೆ: ಸೌರ ಜಲತಾಪಕ ಬಳಕೆದಾರರಿಗೆ ಮಾಹಿತಿ

1. ಪೀಠಿಕೆ

ರಾಜ್ಯದ ನಗರ ಹಾಗೂ ಪಟ್ಟಣಗಳಲ್ಲಿ, ವಿಶೇಷವಾಗಿ ಬೆಂಗಳೂರಿನಲ್ಲಿ, ಮನೆಗಳ ತಾರಸಿಯ ಮೇಲೆ ಸೌರ ಜಲತಾಪಕಗಳು ಸಾಮಾನ್ಯವಾಗಿವೆ. ನಿಗದಿತ ವಿಸ್ತೀರ್ಣಕ್ಕೆ ಮೇಲ್ಪಟ್ಟ ಹೊಸ ಕಟ್ಟಡಗಳಿಗೆ ಸೌರ ಜಲತಾಪಕವನ್ನು ಕಡ್ಡಾಯಗೊಳಿಸಿ ರಾಜ್ಯ ಸರ್ಕಾರವು 2007ರಲ್ಲಿ ಆದೇಶ ಹೊರಡಿಸಿತು. ಸೌರ ಜಲತಾಪಕವನ್ನು ಅಳವಡಿಸಿಕೊಂಡು ಬಳಸುವ ಗೃಹ ಬಳಕೆಯ ಗ್ರಾಹಕರಿಗೆ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿಗಳ ರಿಯಾಯಿತಿಯನ್ನು ಹಲವು ವರ್ಷಗಳ ವಿದ್ಯುತ್ ದರ ಆದೇಶಗಳಲ್ಲಿ ನೀಡಲಾಗಿದೆ.

ಆದಾಗ್ಯೂ ಅನೇಕ ಮನೆಗಳಲ್ಲಿ ತಾರಸಿಯ ಟ್ಯಾಂಕಿನಲ್ಲಿ ನೀರು ಸಾಕಷ್ಟು ಬಿಸಿಯಿದ್ದರೂ ಕೆಳಗಿನ ಸ್ನಾನದ ಮನೆಯ ನಲ್ಲಿಯಲ್ಲಿ ಬಹಳ ಹೊತ್ತು ತಣ್ಣೀರೇ ಬರುತ್ತದೆ. ಬೆಳಗಿನ ಅವಸರದಲ್ಲಿ ಮನೆಯವರು ಕಾಯುವಷ್ಟು ಕಾದು, ಕೊನೆಗೆ ವಿದ್ಯುತ್ ಗೀಸರಿನ ಸ್ವಿಚ್ ಹಾಕುತ್ತಾರೆ. ಸೂರ್ಯನಿಂದ ಉಚಿತವಾಗಿ ದೊರೆತ ಶಾಖವು ಟ್ಯಾಂಕಿನಲ್ಲಿಯೇ ಉಳಿಯುತ್ತದೆ ಇಲ್ಲವೇ ದಾರಿಯಲ್ಲಿ ಕಳೆದುಹೋಗುತ್ತದೆ. ವಿದ್ಯುತ್ ಬಿಲ್ಲು ಮಾತ್ರ ಇಳಿಯುವುದಿಲ್ಲ. ಇಂತಹ ಸಂದರ್ಭಗಳಲ್ಲಿ ದೋಷವು ಜಲತಾಪಕದಲ್ಲಿ ಇರದೆ, ಟ್ಯಾಂಕಿನಿಂದ ನಲ್ಲಿಯವರೆಗಿನ ಕೊಳವೆಯಲ್ಲಿ ಇರುವುದುಂಟು.

ಕೊಳವೆಗಳಿಗೆ ಹೊದಿಸುವ ಉಷ್ಣ ನಿರೋಧಕ ಹೊದಿಕೆ, ಅಂದರೆ ಜನಬಳಕೆಯ ಇನ್ಸುಲೇಷನ್, ಎಲ್ಲಿ ಪ್ರಯೋಜನಕಾರಿ, ಎಲ್ಲಿ ಅಲ್ಲ, ಹಾಗೂ ಅದನ್ನು ಹೇಗೆ ಅಳವಡಿಸಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಹೊಸದಾಗಿ ಸೌರ ಜಲತಾಪಕ ಅಳವಡಿಸುವವರು, ರಿಯಾಯಿತಿಗೆ ಅರ್ಜಿ ಸಲ್ಲಿಸುವವರು ಹಾಗೂ ಮನೆ ಕಟ್ಟಿಸುತ್ತಿರುವವರು ಇದನ್ನು ಗಮನಿಸಬೇಕಾಗಿ ಕೋರಲಾಗಿದೆ.

2. ಕೊಳವೆಯಲ್ಲಿ ಶಾಖ ನಷ್ಟವಾಗುವ ಬಗೆ

ಕೊಳವೆಯೊಳಗಿನ ನೀರು ಸುತ್ತಲಿನ ಗಾಳಿಗಿಂತ ಬಿಸಿಯಿರುವಷ್ಟು ಕಾಲವೂ ಅದರ ಶಾಖ ಹೊರಕ್ಕೆ ಹರಿಯುತ್ತಿರುತ್ತದೆ. ನೀರು 60 ಡಿಗ್ರಿ ಸೆಲ್ಸಿಯಸ್, ಗಾಳಿ 20 ಡಿಗ್ರಿ ಇದ್ದಲ್ಲಿ, 20 ಮಿ.ಮೀ. ಅಳತೆಯ ಹೊದಿಕೆಯಿಲ್ಲದ ಜಿ.ಐ. ಕೊಳವೆಯು ಪ್ರತಿ ಮೀಟರಿಗೆ ಸುಮಾರು 30ರಿಂದ 35 ವ್ಯಾಟ್‌ನಷ್ಟು ಶಾಖವನ್ನು ಕಳೆದುಕೊಳ್ಳುತ್ತದೆ. ಇದು ನಿಶ್ಚಲ ಗಾಳಿಯಲ್ಲಿನ ಲೆಕ್ಕ. ತಾರಸಿಯ ಮೇಲೆ ಗಾಳಿ ಬೀಸುವಾಗ ನಷ್ಟವು ಇನ್ನೂ ಹೆಚ್ಚುತ್ತದೆ.

ಇದೇ ಕೊಳವೆಗೆ 13 ಮಿ.ಮೀ. ದಪ್ಪದ ನೈಟ್ರೈಲ್ ರಬ್ಬರ್ ಫೋಮಿನ ಹೊದಿಕೆ ಹಾಕಿದಲ್ಲಿ ನಷ್ಟವು ಪ್ರತಿ ಮೀಟರಿಗೆ ಸುಮಾರು 11 ವ್ಯಾಟ್‌ಗೆ, ಅಂದರೆ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಫೋಮಿನ ಸಣ್ಣ ಸಣ್ಣ ಕೋಶಗಳಲ್ಲಿ ಸೆರೆಯಾಗಿ ಚಲಿಸಲಾರದ ಗಾಳಿಯೇ ಇಲ್ಲಿ ಶಾಖವನ್ನು ತಡೆಯುತ್ತದೆ. ದಪ್ಪವನ್ನು 25 ಮಿ.ಮೀ.ಗೆ ಹೆಚ್ಚಿಸಿದರೆ ನಷ್ಟವು ಸುಮಾರು 8 ವ್ಯಾಟ್‌ಗೆ ಮಾತ್ರ ಇಳಿಯುತ್ತದೆ. ಮೊದಲ 13 ಮಿ.ಮೀ. ನೀಡುವ ಲಾಭವೇ ಅಧಿಕವೆಂಬುದನ್ನು ಗ್ರಾಹಕರು ಗಮನಿಸಬೇಕು. ಆದ್ದರಿಂದ ಸ್ವಲ್ಪ ಉದ್ದಕ್ಕೆ ಮಾತ್ರ ದುಬಾರಿಯ ದಪ್ಪ ಹೊದಿಕೆ ಹಾಕುವುದಕ್ಕಿಂತ, ಎಲ್ಲಿಯೂ ಸಂದು ಬಿಡದಂತೆ ಪೂರ್ಣ ಉದ್ದಕ್ಕೆ ಸಾಧಾರಣ ದಪ್ಪದ ಹೊದಿಕೆ ಹಾಕುವುದು ಮೇಲು.

3. ಒಂದು ಮನೆಯ ಲೆಕ್ಕ

ತಾರಸಿಯ ಟ್ಯಾಂಕಿನಿಂದ ನೆಲ ಅಂತಸ್ತಿನ ಸ್ನಾನದ ಮನೆಗೆ 15 ಮೀಟರ್ ಉದ್ದದ 20 ಮಿ.ಮೀ. ಜಿ.ಐ. ಕೊಳವೆ ಇದೆ ಎಂದು ಭಾವಿಸಿರಿ. ಈ ಕೊಳವೆಯಲ್ಲಿ ಸುಮಾರು 5.5 ಲೀಟರ್ ನೀರು ನಿಂತಿರುತ್ತದೆ. ಅದು ತಣ್ಣಗಾಗಿದ್ದಲ್ಲಿ, ಅಷ್ಟನ್ನೂ ಹೊರಬಿಟ್ಟ ನಂತರವೇ ನಲ್ಲಿಯಲ್ಲಿ ಬಿಸಿನೀರು ದೊರೆಯುತ್ತದೆ.

ಮನೆಯ ನಾಲ್ವರು ಸುಮಾರು 40 ನಿಮಿಷಗಳ ಅಂತರದಲ್ಲಿ ಒಬ್ಬರ ನಂತರ ಒಬ್ಬರು ಸ್ನಾನ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಹೊದಿಕೆಯಿಲ್ಲದ ಕೊಳವೆಯಲ್ಲಿ 60 ಡಿಗ್ರಿಯ ನೀರು 40 ನಿಮಿಷಗಳಲ್ಲಿ ಸುಮಾರು 36 ಡಿಗ್ರಿಗೆ ಇಳಿಯುತ್ತದೆ. ಚಳಿಗಾಲದ ಸ್ನಾನಕ್ಕೆ ಅದು ಸಾಲದ ಕಾರಣ ಪ್ರತಿಯೊಬ್ಬರೂ ಕೊಳವೆಯ ನೀರನ್ನು ಹರಿಯಬಿಡುತ್ತಾರೆ. ದಿನಕ್ಕೆ 22 ಲೀಟರ್ ನೀರು ಹೀಗೆ ವ್ಯರ್ಥವಾಗುತ್ತದೆ. ಪ್ರತಿ ಬಾರಿಯೂ ಕೊಳವೆ ತುಂಬಲು ಟ್ಯಾಂಕಿನಿಂದ ಬಿಸಿನೀರು ಹೊರಡಬೇಕು; ಅದರ ಶಾಖವು ದಿನಕ್ಕೆ ಸುಮಾರು 1 ಯೂನಿಟ್ ವಿದ್ಯುತ್ತಿಗೆ ಸಮ. 100 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಕಾಯಿಸಲು ಬೇಕಾಗುವುದು ಸುಮಾರು 4.7 ಯೂನಿಟ್. ಅಂದರೆ 100 ಲೀಟರ್ ಸಾಮರ್ಥ್ಯದ ಜಲತಾಪಕವು ಸಂಗ್ರಹಿಸಿದ ಶಾಖದಲ್ಲಿ ಐದನೆಯ ಒಂದು ಭಾಗಕ್ಕೂ ಹೆಚ್ಚು ಕೊಳವೆಗೇ ಹೋಗುತ್ತದೆ.

13 ಮಿ.ಮೀ. ಹೊದಿಕೆ ಇದ್ದಲ್ಲಿ ಅದೇ 40 ನಿಮಿಷಗಳ ನಂತರ ನೀರು ಸುಮಾರು 50 ಡಿಗ್ರಿ ಇರುತ್ತದೆ. ಎರಡನೆಯವರಿಂದ ಮುಂದಕ್ಕೆ ಯಾರೂ ನೀರನ್ನು ಹರಿಯಬಿಡಬೇಕಾಗಿಲ್ಲ. ದಿನಕ್ಕೆ 16 ಲೀಟರಿಗೂ ಹೆಚ್ಚು, ವರ್ಷಕ್ಕೆ ಸುಮಾರು 6,000 ಲೀಟರ್ ನೀರು ಉಳಿಯುತ್ತದೆ. ಶಾಖದ ಉಳಿತಾಯವು ದಿನಕ್ಕೆ ಅರ್ಧ ಯೂನಿಟ್‌ಗೆ ಮೇಲ್ಪಟ್ಟು, ತಿಂಗಳಿಗೆ 15 ಯೂನಿಟ್‌ಗೂ ಹೆಚ್ಚು. ಕೊಳವೆಯಲ್ಲಿ ಕಳೆದ ಶಾಖವನ್ನು ವಿದ್ಯುತ್ತಿನಿಂದ ತುಂಬಿಕೊಳ್ಳುವ ಮನೆಯಲ್ಲಿ, ಯೂನಿಟ್‌ಗೆ 5 ರೂಪಾಯಿ ಎಂದು ಹಿಡಿದರೂ ಇದರ ಬೆಲೆ ತಿಂಗಳಿಗೆ 75 ರೂಪಾಯಿ ದಾಟುತ್ತದೆ. 50 ರೂಪಾಯಿಗಳ ರಿಯಾಯಿತಿಗೆ ಅರ್ಜಿ ಹಾಕುವ ಗ್ರಾಹಕರು, ಅದಕ್ಕಿಂತ ಹೆಚ್ಚಿನ ಮೊತ್ತವು ತಮ್ಮದೇ ಗೋಡೆಯ ಕೊಳವೆಯಲ್ಲಿ ಕರಗುತ್ತಿದೆಯೇ ಎಂಬುದನ್ನೂ ನೋಡಿಕೊಳ್ಳುವುದು ಸೂಕ್ತ.

4. ಹೊದಿಕೆಯಿಂದ ಆಗದ ಕೆಲಸ

ಹೊದಿಕೆಯು ಶಾಖವನ್ನು ಉತ್ಪಾದಿಸುವುದಿಲ್ಲ. ತಣ್ಣಗಾಗುವುದನ್ನು ನಿಧಾನಗೊಳಿಸುತ್ತದೆ, ಅಷ್ಟೇ. ಮೇಲ್ಕಂಡ ಕೊಳವೆಯಲ್ಲಿ 60 ಡಿಗ್ರಿಯ ನೀರು 40 ಡಿಗ್ರಿಗೆ ಇಳಿಯಲು ಹೊದಿಕೆಯಿಲ್ಲದಿದ್ದರೆ ಸುಮಾರು ಅರ್ಧ ಗಂಟೆ, ಹೊದಿಕೆಯಿದ್ದರೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ರಾತ್ರಿ 9 ಗಂಟೆಗೆ ನಿಂತ ನೀರು ಬೆಳಗಿನ 6 ಗಂಟೆಯ ವೇಳೆಗೆ ಎರಡೂ ಸಂದರ್ಭಗಳಲ್ಲಿ ತಣ್ಣಗಾಗಿಯೇ ಇರುತ್ತದೆ. ಆದ್ದರಿಂದ ದಿನದ ಮೊದಲ ಬಳಕೆಯಲ್ಲಿ ನಲ್ಲಿ ತಿರುಗಿಸಿದೊಡನೆ ಬಿಸಿನೀರು ಬರುತ್ತದೆ ಎಂದು ಯಾರಾದರೂ ಭರವಸೆ ನೀಡಿದಲ್ಲಿ ಅದನ್ನು ನಂಬಬಾರದು.

ಮೊದಲ ಬಳಕೆಯ ನಷ್ಟವನ್ನು ಕಡಿಮೆ ಮಾಡುವ ಮಾರ್ಗವೆಂದರೆ ಕೊಳವೆಯ ಉದ್ದ ಮತ್ತು ಗಾತ್ರವನ್ನು ಕಡಿಮೆ ಮಾಡುವುದು. 15 ಮೀಟರ್ ಉದ್ದದ ಜಿ.ಐ. ಕೊಳವೆಯಲ್ಲಿ ನಿಲ್ಲುವ ನೀರಿನ ಅಂದಾಜು ಪ್ರಮಾಣ ಈ ಕೆಳಕಂಡಂತಿದೆ:

ಅ) 15 ಮಿ.ಮೀ. ಕೊಳವೆ: 3 ಲೀಟರ್
ಆ) 20 ಮಿ.ಮೀ. ಕೊಳವೆ: 5.5 ಲೀಟರ್
ಇ) 25 ಮಿ.ಮೀ. ಕೊಳವೆ: 8.8 ಲೀಟರ್

ನೀರು ರಭಸವಾಗಿ ಬರಲಿ ಎಂಬ ಉದ್ದೇಶದಿಂದ ಅಗತ್ಯಕ್ಕಿಂತ ದಪ್ಪ ಕೊಳವೆ ಹಾಕಿಸುವುದು ರೂಢಿಯಲ್ಲಿದೆ. ಬಿಸಿನೀರಿನ ವಿಷಯದಲ್ಲಿ ಇದು ನಿತ್ಯದ ನಷ್ಟಕ್ಕೆ ಕಾರಣವಾಗುತ್ತದೆ. ಟ್ಯಾಂಕಿನ ಎತ್ತರ, ಒತ್ತಡ ಹಾಗೂ ನಲ್ಲಿಗಳ ಸಂಖ್ಯೆಯನ್ನು ನೋಡಿ, ಸಾಕಾಗುವಷ್ಟು ಸಣ್ಣ ಗಾತ್ರದ ಕೊಳವೆಯನ್ನು ಪ್ಲಂಬರ್‌ ಅವರೊಂದಿಗೆ ಚರ್ಚಿಸಿ ಆಯ್ಕೆ ಮಾಡಿಕೊಳ್ಳಬೇಕು. ಸ್ನಾನದ ಮನೆಗಳನ್ನು ಅಂತಸ್ತಿನಿಂದ ಅಂತಸ್ತಿಗೆ ಒಂದರ ಕೆಳಗೆ ಒಂದು ಬರುವಂತೆ ಯೋಜಿಸಿ, ಜಲತಾಪಕವನ್ನು ಅವುಗಳ ನೇರ ಮೇಲ್ಭಾಗದ ಸಮೀಪ ಸ್ಥಾಪಿಸಿದಲ್ಲಿ ಕೊಳವೆಯ ಉದ್ದ ತಾನಾಗಿಯೇ ಕಡಿಮೆಯಾಗುತ್ತದೆ.

5. ಮೊದಲು ಹೊದಿಕೆ ಬೇಕಾದ ಭಾಗಗಳು

ಎಲ್ಲ ಕೊಳವೆಗಳಿಗೂ ಒಮ್ಮೆಗೇ ಹೊದಿಕೆ ಹಾಕಿಸಲು ಸಾಧ್ಯವಾಗದವರು ಈ ಕೆಳಗಿನ ಆದ್ಯತೆಯನ್ನು ಅನುಸರಿಸಬಹುದು.

(1) ಫಲಕದಿಂದ ಟ್ಯಾಂಕಿಗೆ ಹೋಗುವ ಕೊಳವೆ: ಚಪ್ಪಟೆ ಫಲಕದ ಜಲತಾಪಕಗಳಲ್ಲಿ ಬಿಸಿಯಾದ ನೀರು ಹಗುರವಾಗಿ ತಾನಾಗಿಯೇ ಮೇಲಿನ ಟ್ಯಾಂಕಿಗೆ ಏರುತ್ತದೆ. ಬಿಸಿಲಿರುವಷ್ಟು ಹೊತ್ತೂ ಈ ಕೊಳವೆಯಲ್ಲಿ ಬಿಸಿನೀರು ಹರಿಯುತ್ತಿರುವುದರಿಂದ ಇಲ್ಲಿನ ನಷ್ಟ ದಿನವಿಡೀ ಸಾಗುತ್ತದೆ. ನಿರ್ವಾತ ಗಾಜಿನ ನಳಿಕೆಗಳು ನೇರವಾಗಿ ಟ್ಯಾಂಕಿಗೆ ಸೇರಿರುವ ಮಾದರಿಗಳಲ್ಲಿ ಈ ಕೊಳವೆ ಇರುವುದಿಲ್ಲ.

(2) ತಾರಸಿಯ ಮೇಲೆ ಬಯಲಿನಲ್ಲಿ ಹಾದುಹೋಗುವ ಕೊಳವೆ: ಗಾಳಿ, ಮಳೆ ಮತ್ತು ರಾತ್ರಿಯ ಚಳಿಗೆ ನೇರವಾಗಿ ಒಡ್ಡಿಕೊಂಡಿರುವ ಈ ಭಾಗಕ್ಕೆ 19 ಮಿ.ಮೀ. ದಪ್ಪದ ಹೊದಿಕೆ ಸೂಕ್ತ.

(3) ಹೊರಗೋಡೆಯ ಮೇಲೆ ಅಥವಾ ಗಾಳಿಗಂಡಿಯಲ್ಲಿ ಇಳಿಯುವ ಕೊಳವೆ: 13 ಮಿ.ಮೀ. ದಪ್ಪದ ಹೊದಿಕೆ ಸಾಕು.

(4) ಗೋಡೆಯೊಳಗೆ ಹುದುಗುವ ಕೊಳವೆ: ಇಟ್ಟಿಗೆ ಮತ್ತು ಗಾರೆಗಳು ಶಾಖವನ್ನು ಹೀರಿಕೊಳ್ಳುವುದರಿಂದ ಗೋಡೆಯೊಳಗಿನ ಕೊಳವೆ ಬೆಚ್ಚಗಿರುತ್ತದೆ ಎಂಬ ಭಾವನೆ ಸರಿಯಲ್ಲ. ಗಾರೆ ಮೆತ್ತುವ ಮೊದಲೇ ಹೊದಿಕೆ ಹಾಕಿಸದಿದ್ದಲ್ಲಿ ಮುಂದೆ ಗೋಡೆ ಒಡೆಯದೆ ಅದು ಸಾಧ್ಯವಾಗುವುದಿಲ್ಲ. ಮನೆ ಕಟ್ಟಿಸುತ್ತಿರುವವರು ಈ ಹಂತವನ್ನು ತಪ್ಪಿಸಬಾರದು. ಹೊದಿಕೆಯ ದಪ್ಪಕ್ಕೆ ತಕ್ಕಂತೆ ಗೋಡೆಯಲ್ಲಿ ಕೊರೆಯುವ ಕಾಲುವೆಯನ್ನು ಅಗಲ ಮಾಡಿಸಬೇಕು.

(5) ವಿದ್ಯುತ್ ಗೀಸರಿನ ಕೊಳವೆ: ಗೀಸರ್ ಸ್ನಾನದ ಮನೆಯಲ್ಲಿಯೇ ಇದ್ದು ಕೊಳವೆ ಒಂದೆರಡು ಮೀಟರ್ ಮಾತ್ರವಿದ್ದಲ್ಲಿ ಉಳಿತಾಯ ಅಲ್ಪ. ಬಿಸಿನೀರು ಹೊರಬರುವ ಕೊಳವೆಯ ಮೊದಲ ಒಂದು ಮೀಟರಿಗೆ ಹೊದಿಕೆ ಹಾಕಿದರೆ ಸಾಕು.

6. ವಸತಿ ಸಮುಚ್ಚಯಗಳ ಗಮನಕ್ಕೆ

ಕೆಲವು ವಸತಿ ಸಮುಚ್ಚಯಗಳಲ್ಲಿ ಎಲ್ಲ ಮನೆಗಳಿಗೂ ತಕ್ಷಣ ಬಿಸಿನೀರು ದೊರೆಯಲೆಂದು ಪಂಪಿನ ಮೂಲಕ ಬಿಸಿನೀರನ್ನು ಕೊಳವೆಗಳಲ್ಲಿ ಸದಾ ಸುತ್ತಿಸಲಾಗುತ್ತದೆ. ಇಂತಹ ಕೊಳವೆಗಳು ತಣ್ಣಗಾಗುವುದೇ ಇಲ್ಲವಾದ ಕಾರಣ ನಷ್ಟವು 24 ಗಂಟೆಯೂ ನಡೆಯುತ್ತದೆ. ಸುತ್ತಲಿನ ಗಾಳಿಗಿಂತ 30 ಡಿಗ್ರಿ ಬಿಸಿಯಿರುವ 100 ಮೀಟರ್ ಉದ್ದದ 20 ಮಿ.ಮೀ. ಕೊಳವೆಯಲ್ಲಿ ಹೊದಿಕೆಯಿಲ್ಲದಿದ್ದರೆ ದಿನಕ್ಕೆ ಸುಮಾರು 60 ಯೂನಿಟ್, 13 ಮಿ.ಮೀ. ಹೊದಿಕೆಯಿದ್ದರೆ ಸುಮಾರು 20 ಯೂನಿಟ್‌ನಷ್ಟು ಶಾಖ ನಷ್ಟವಾಗುತ್ತದೆ. ಹೊದಿಕೆಯೊಂದಿಗೆ, ಬೆಳಗಿನ ಹಾಗೂ ಸಂಜೆಯ ಬಳಕೆಯ ವೇಳೆಯಲ್ಲಿ ಮಾತ್ರ ಪಂಪ್ ಚಾಲನೆಯಾಗುವಂತೆ ಟೈಮರ್ ಅಳವಡಿಸಿದಲ್ಲಿ ನಷ್ಟ ಇನ್ನಷ್ಟು ಇಳಿಯುತ್ತದೆ. ನಿವಾಸಿಗಳ ಸಂಘಗಳು ಈ ಬಗ್ಗೆ ವಿಶೇಷ ಗಮನ ಹರಿಸಬೇಕಾಗಿ ಕೋರಲಾಗಿದೆ.

7. ಹೊದಿಕೆಯ ಸಾಮಗ್ರಿಗಳು

ನೈಟ್ರೈಲ್ ರಬ್ಬರ್ ಫೋಮ್: ಕಪ್ಪು ಬಣ್ಣದ ಮೆತ್ತನೆಯ ನಳಿಕೆಯ ರೂಪದಲ್ಲಿ 9, 13, 19 ಮತ್ತು 25 ಮಿ.ಮೀ. ದಪ್ಪಗಳಲ್ಲಿ ದೊರೆಯುತ್ತದೆ. ಮುಚ್ಚಿದ ಕೋಶಗಳಿರುವುದರಿಂದ ಸುಲಭವಾಗಿ ನೀರನ್ನು ಹೀರುವುದಿಲ್ಲ. ಗೋಡೆಯೊಳಗೂ ಹೊರಗೂ ಬಳಸಬಹುದು. ಆದರೆ ನೇರ ಬಿಸಿಲಿಗೆ ಬಿಟ್ಟಲ್ಲಿ ಬಿರುಕು ಬಿಟ್ಟು ಪುಡಿಯಾಗುತ್ತದೆ.

ಪಾಲಿಎಥಿಲೀನ್ ಫೋಮ್: ಬೆಲೆ ಕಡಿಮೆ, ಮನೆಯೊಳಗಿನ ಕೊಳವೆಗಳಿಗೆ ಸೂಕ್ತ. ಅಧಿಕ ಶಾಖದಲ್ಲಿ ಮೆತ್ತಗಾಗಿ ಕುಗ್ಗುವುದರಿಂದ ಫಲಕದಿಂದ ಹೊರಡುವ ಕೊಳವೆಗೆ ಬಳಸಬಾರದು. ಬಿಸಿಲಿರುವಾಗ ನೀರಿನ ಹರಿವು ನಿಂತರೆ ಈ ಕೊಳವೆಯ ಉಷ್ಣತೆ 100 ಡಿಗ್ರಿಯನ್ನು ಸಮೀಪಿಸಬಹುದು.

ಗಾಜಿನ ಉಣ್ಣೆ ಮತ್ತು ಕಲ್ಲಿನ ಉಣ್ಣೆ: ಅಧಿಕ ಶಾಖವನ್ನು ತಡೆದುಕೊಳ್ಳುತ್ತವೆ. ಒಮ್ಮೆ ನೆನೆದರೆ ನಿರೋಧಕ ಗುಣ ಬಹುಮಟ್ಟಿಗೆ ಇಲ್ಲವಾಗುವುದರಿಂದ ಮಳೆನೀರು ಒಳಸೇರದಂತೆ ಅಲ್ಯೂಮಿನಿಯಂ ತಗಡಿನ ಹೊರಕವಚ ಅವಶ್ಯ. ಕೈಗವಸು ಮತ್ತು ಮುಖಗವಸು ಧರಿಸಿಯೇ ಕೆಲಸ ಮಾಡಬೇಕು.

ಬಿಸಿಲಿಗೆ ಒಡ್ಡಿಕೊಳ್ಳುವ ಯಾವುದೇ ಫೋಮಿನ ಮೇಲೆ ಅಲ್ಯೂಮಿನಿಯಂ ಹಾಳೆ, ತಗಡು ಅಥವಾ ಬಿಸಿಲು ನಿರೋಧಕ ಲೇಪನದ ರಕ್ಷಣೆ ಇರತಕ್ಕದ್ದು. ತಾರಸಿಯ ಮೇಲೆ ಹಾಕಿಸಿದ ಹೊದಿಕೆ ಕೆಲವೇ ವರ್ಷಗಳಲ್ಲಿ ಉದುರಿಹೋಗಲು ಈ ರಕ್ಷಣೆ ಇಲ್ಲದಿರುವುದು ಪ್ರಮುಖ ಕಾರಣ.

8. ಅಳವಡಿಸುವ ಕ್ರಮ

(1) ಮೊದಲು ಕೊಳವೆಯಲ್ಲಿ ನೀರು ತುಂಬಿಸಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೊದಿಕೆಯ ಕೆಳಗಿನ ಸೋರಿಕೆ ಬಹುಕಾಲ ಕಣ್ಣಿಗೆ ಬೀಳುವುದಿಲ್ಲ.

(2) ಕೊಳವೆಯ ಹೊರವ್ಯಾಸವನ್ನು ಅಳೆದು ಅದಕ್ಕೆ ಬಿಗಿಯಾಗಿ ಹೊಂದುವ ಹೊದಿಕೆಯನ್ನೇ ಖರೀದಿಸಬೇಕು. ಒಂದೇ ಅಳತೆಯ ಹೆಸರಿದ್ದರೂ ಜಿ.ಐ. ಮತ್ತು ಸಿ.ಪಿ.ವಿ.ಸಿ. ಕೊಳವೆಗಳ ಹೊರವ್ಯಾಸ ಬೇರೆ ಬೇರೆಯಾಗಿರುತ್ತದೆ.

(3) ಕೊಳವೆಯನ್ನು ಒರೆಸಿ, ಒಣಗಿಸಿ, ತಣ್ಣಗಿರುವಾಗ ಹೊದಿಕೆ ಹಾಕಬೇಕು. ಉದ್ದಕ್ಕೆ ಸೀಳಿದ ಅಂಚುಗಳನ್ನು ತಯಾರಕರು ಸೂಚಿಸಿದ ಅಂಟಿನಿಂದ ಸೇರಿಸಬೇಕು. ಟೇಪನ್ನು ಮಾತ್ರ ಸುತ್ತಿದಲ್ಲಿ ಅದು ಬೇಗ ಬಿಟ್ಟುಹೋಗುತ್ತದೆ.

(4) ಎಲ್ಬೋ, ಟೀ ಮತ್ತು ಕ್ಲ್ಯಾಂಪ್‌ಗಳ ಬಳಿ ಸಂದು ಬಿಡಬಾರದು. ಕ್ಲ್ಯಾಂಪನ್ನು ಹೊದಿಕೆಯ ಹೊರಗೆ, ಹೊದಿಕೆ ಚಪ್ಪಟೆಯಾಗದಂತೆ ಹಾಕಬೇಕು.

(5) ಫಲಕದಿಂದ ಟ್ಯಾಂಕಿಗೆ ಹೋಗುವ ಕೊಳವೆಯು ಎಲ್ಲಿಯೂ ಜೋತುಬೀಳದೆ ನಿರಂತರವಾಗಿ ಮೇಲ್ಮುಖವಾಗಿರಬೇಕು. ನಡುವೆ ಗಾಳಿ ಸಿಕ್ಕಿಕೊಂಡಲ್ಲಿ ನೀರಿನ ಪರಿಚಲನೆ ನಿಲ್ಲುತ್ತದೆ.

(6) ಹೊರಕವಚದ ಕೂಡುಗೆರೆ ಕೆಳಮುಖವಾಗಿರುವಂತೆ ನೋಡಿಕೊಂಡಲ್ಲಿ ಮಳೆನೀರು ಒಳಗೆ ಇಳಿಯುವುದಿಲ್ಲ.

9. ಸುರಕ್ಷತಾ ಸೂಚನೆಗಳು

ಟ್ಯಾಂಕಿನ ಗಾಳಿ ಕೊಳವೆಯ ಮೇಲ್ತುದಿಯನ್ನು ಯಾವುದೇ ಕಾರಣಕ್ಕೂ ಮುಚ್ಚಬಾರದು. ಗೀಸರಿನ ಒತ್ತಡ ನಿಯಂತ್ರಣ ವಾಲ್ವ್, ಥರ್ಮೋಸ್ಟ್ಯಾಟ್ ಮತ್ತು ವಿದ್ಯುತ್ ಸಂಪರ್ಕದ ಭಾಗಗಳ ಮೇಲೆ ಹೊದಿಕೆ ಹಾಕಬಾರದು. ಅನಿಲ ಗೀಸರ್ ಇರುವಲ್ಲಿ ಫೋಮನ್ನು ಉರಿಯುವ ಭಾಗದಿಂದ ಹಾಗೂ ಹೊಗೆ ಹೊರಹೋಗುವ ಮಾರ್ಗದಿಂದ ದೂರವಿಡಬೇಕು. ಸ್ನಾನದ ಮನೆಯ ಗಾಳಿಕಿಂಡಿಯನ್ನು ಮುಚ್ಚಬಾರದು. ಹಳೆಯ ಬಾಯ್ಲರ್‌ಗಳ ಕೊಳವೆಗೆ ಕಲ್ನಾರಿನ ಹಗ್ಗ ಅಥವಾ ಲೇಪನ ಇದ್ದಲ್ಲಿ ಅದನ್ನು ಕೆರೆಯುವುದಾಗಲಿ ಒಡೆಯುವುದಾಗಲಿ ಮಾಡಬಾರದು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ.

10. ಸ್ವತಃ ಪರೀಕ್ಷಿಸುವ ವಿಧಾನ

ಬೆಳಿಗ್ಗೆ ಮೊದಲ ಬಳಕೆಗೆ ಮುನ್ನ ಲೀಟರಿನ ಗುರುತಿರುವ ಬಕೆಟನ್ನು ನಲ್ಲಿಯ ಕೆಳಗಿಟ್ಟು, ಬಿಸಿನೀರು ಬರುವವರೆಗೆ ಎಷ್ಟು ಲೀಟರ್ ತುಂಬಿತೆಂದು ಗುರುತು ಮಾಡಿಕೊಳ್ಳಿ. 40 ನಿಮಿಷಗಳ ನಂತರ ಇದನ್ನೇ ಪುನಃ ಮಾಡಿ. ಎರಡನೆಯ ಬಾರಿಯೂ ಮೊದಲಿನಷ್ಟೇ ನೀರು ಹರಿಯಬಿಡಬೇಕಾಗಿ ಬಂದಲ್ಲಿ ಕೊಳವೆಗೆ ಹೊದಿಕೆಯ ಅಗತ್ಯವಿದೆ. ಎರಡನೆಯ ಬಾರಿ ನೀರು ಬೇಗ ಬಿಸಿಯಾಗಿ ಬಂದು, ಮೊದಲ ಬಾರಿ ಮಾತ್ರ ತಡವಾದಲ್ಲಿ ಕೊಳವೆಯ ಉದ್ದ ಮತ್ತು ಗಾತ್ರವೇ ಕಾರಣ.

ಕೊಳವೆ ಹಿಡಿಯುವ ಪ್ರಮಾಣಕ್ಕಿಂತ ಬಹಳ ಹೆಚ್ಚು ನೀರು ಹರಿದರೂ ಬಿಸಿನೀರು ಬಾರದಿದ್ದಲ್ಲಿ ದೋಷ ಬೇರೆಡೆ ಇದೆ. ಮಿಕ್ಸರ್ ನಲ್ಲಿಯ ಎರಡೂ ಬದಿಗಳು ತೆರೆದೇ ಇದ್ದು ತಣ್ಣೀರು ಬಿಸಿನೀರಿನ ಕೊಳವೆಗೆ ನುಗ್ಗುತ್ತಿರಬಹುದು, ಇಲ್ಲವೇ ನೀರು ಹಿಂದಿರುಗದಂತೆ ತಡೆಯುವ ವಾಲ್ವ್ ಕೆಟ್ಟಿರಬಹುದು. ಇದನ್ನು ಸರಿಪಡಿಸದೆ ಹೊದಿಕೆಗೆ ಹಣ ವ್ಯಯಿಸಬಾರದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪ್ಲಾಸ್ಟಿಕ್ ಕೊಳವೆಗೆ ಹೊದಿಕೆ ಬೇಕೇ?
ಉತ್ತರ: ಬೇಕು. ಸಿ.ಪಿ.ವಿ.ಸಿ. ಕೊಳವೆಯ ಗೋಡೆ ತೆಳುವಾಗಿರುವುದರಿಂದ, ಲೋಹದ ಕೊಳವೆಗೆ ಹೋಲಿಸಿದಲ್ಲಿ ಅದು ತಡೆಯುವ ನಷ್ಟ ಅಲ್ಪ ಭಾಗ ಮಾತ್ರ.

ಪ್ರಶ್ನೆ: ಗೋಣಿಚೀಲ ಅಥವಾ ಹಳೆಯ ಬಟ್ಟೆ ಸುತ್ತಿದರೆ ಆಗದೇ?
ಉತ್ತರ: ಒಣಗಿರುವಷ್ಟು ದಿನ ಸ್ವಲ್ಪ ಪ್ರಯೋಜನವಿದೆ. ನೆನೆದ ಗೋಣಿಯಿಂದ ನೀರು ಆವಿಯಾಗುವಾಗ ಕೊಳವೆ ಇನ್ನೂ ಬೇಗ ತಣ್ಣಗಾಗುತ್ತದೆ, ಜಿ.ಐ. ಕೊಳವೆಗೆ ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ಗೋಡೆಯೊಳಗೆ ಈಗಾಗಲೇ ಹುದುಗಿರುವ ಕೊಳವೆಗೆ ಏನು ಮಾಡಬೇಕು?
ಉತ್ತರ: ತಾರಸಿಯ ಮೇಲಿನ ಹಾಗೂ ಹೊರಗೋಡೆಯ ಭಾಗಗಳಿಗೆ ಹೊದಿಕೆ ಹಾಕಿಸಿ. ಮನೆಯವರು ಸ್ನಾನವನ್ನು ಒಬ್ಬರ ಹಿಂದೆ ಒಬ್ಬರು, ಹೆಚ್ಚು ಅಂತರವಿಲ್ಲದೆ ಮುಗಿಸಿದಲ್ಲಿ ಯಾವ ಖರ್ಚೂ ಇಲ್ಲದೆ ನಷ್ಟ ಕಡಿಮೆಯಾಗುತ್ತದೆ. ಮೊದಲು ಬರುವ ತಣ್ಣೀರನ್ನು ಬಕೆಟ್‌ನಲ್ಲಿ ಹಿಡಿದು ಬಟ್ಟೆ ಒಗೆಯಲು ಅಥವಾ ಗಿಡಗಳಿಗೆ ಬಳಸಬಹುದು. ಮುಂದೆ ಸ್ನಾನದ ಮನೆಯ ದುರಸ್ತಿ ಕೈಗೊಳ್ಳುವಾಗ ಒಳಗಿನ ಕೊಳವೆಗೂ ಹೊದಿಕೆ ಹಾಕಿಸಿಕೊಳ್ಳಿ.

ಪ್ರಶ್ನೆ: ರಿಯಾಯಿತಿಯ ಅರ್ಜಿಗೆ ಹೊದಿಕೆ ಕಡ್ಡಾಯವೇ?
ಉತ್ತರ: ರಿಯಾಯಿತಿಯು ಜಲತಾಪಕದ ಅಳವಡಿಕೆ ಮತ್ತು ಬಳಕೆಗೆ ಸಂಬಂಧಿಸಿದ್ದು. ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ದರ ಆದೇಶದ ಷರತ್ತುಗಳೇ ಅನ್ವಯಿಸುತ್ತವೆ. ವಿದ್ಯುತ್ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆಯೊಂದಿಗೆ ತಮ್ಮ ವ್ಯಾಪ್ತಿಯ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಬಹುದು.

12. ಗ್ರಾಹಕರಲ್ಲಿ ವಿನಂತಿ

ಕೇಂದ್ರ ಸರ್ಕಾರವು 2007ರಲ್ಲಿ ಹೊರತಂದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು ವಾಣಿಜ್ಯ ಕಟ್ಟಡಗಳ ಬಿಸಿನೀರಿನ ಟ್ಯಾಂಕ್ ಹಾಗೂ ಕೊಳವೆಗಳಿಗೆ ಉಷ್ಣ ನಿರೋಧಕ ಹೊದಿಕೆಯನ್ನು ವಿಧಿಸಿದೆ. ಅದರ ಹಿಂದಿನ ತತ್ವ ಮನೆಗಳಿಗೂ ಅನ್ವಯಿಸುತ್ತದೆ. ಜಲತಾಪಕದ ದರಪಟ್ಟಿ ಪಡೆಯುವಾಗ ಕೊಳವೆಯ ಉದ್ದ, ಗಾತ್ರ, ಹೊದಿಕೆಯ ಸಾಮಗ್ರಿ, ದಪ್ಪ ಹಾಗೂ ಬಿಸಿಲಿನಿಂದ ರಕ್ಷಿಸುವ ಹೊರಕವಚ, ಈ ಐದು ಅಂಶಗಳನ್ನು ಲಿಖಿತವಾಗಿ ನಮೂದಿಸುವಂತೆ ಮಾರಾಟಗಾರರನ್ನು ಕೇಳಬೇಕು. ಕೆಲಸ ಮುಗಿದ ನಂತರ ಗಾರೆ ಮೆತ್ತುವ ಮುನ್ನ ಸ್ವತಃ ಪರಿಶೀಲಿಸಬೇಕು. ಪ್ರತಿ ವರ್ಷ ಮಳೆಗಾಲ ಮುಗಿದೊಡನೆ ತಾರಸಿಯ ಹೊದಿಕೆಯನ್ನು ಒಮ್ಮೆ ನೋಡಿ, ಹರಿದ ಅಥವಾ ನೆನೆದ ಭಾಗವನ್ನು ಚಳಿಗಾಲಕ್ಕೆ ಮುಂಚೆಯೇ ಬದಲಾಯಿಸಿಕೊಳ್ಳಬೇಕು. ಇದರಿಂದ ನೀರು ಮತ್ತು ವಿದ್ಯುತ್ ಎರಡೂ ಉಳಿಯುವುದಲ್ಲದೆ, ಜಲತಾಪಕಕ್ಕೆ ಹೂಡಿದ ಹಣಕ್ಕೂ ತಕ್ಕ ಪ್ರತಿಫಲ ದೊರೆಯುತ್ತದೆ.